ಗೋಡೆಯಿಂದ ಇಳಿಸಿದ ಫೋಟೊ

ಅಮೆರಿಕದ ಉತ್ತರ ಭಾಗದಲ್ಲಿ ಮನೆ ಮಾರುವವರಿಗೆ ಚಳಿಗಾಲ ಕಷ್ಟದ ಕಾಲ. ಮರಗಳೆಲ್ಲ ಬೋಳು. ಅಂಗಳದ ಹುಲ್ಲು ಹಿಮದ ಕೆಳಗೆ. ಡಿಸೆಂಬರಿನ ಶಿಕಾಗೋದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ. ಕೊಳ್ಳುವವರು ವಸಂತಕ್ಕೆ ಕಾಯುತ್ತಾರೆ. ಆದರೂ ಮಾರಲೇಬೇಕಾದವರು ಇರುತ್ತಾರಲ್ಲ, ಅವರಿಗಾಗಿ ಮನೆಯನ್ನು ಸಿಂಗರಿಸಿ ಕೊಡುವ ಕಸುಬೇ ಅಲ್ಲಿ ಬೆಳೆದಿದೆ. ಅದಕ್ಕೆ 'ಸ್ಟೇಜಿಂಗ್' ಅಂತಾರೆ. ಅಂದರೆ ರಂಗ ಸಜ್ಜು ಮಾಡುವುದು. ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾರಾಟದ ಏಜೆಂಟಾಗಿದ್ದ ಬಾರ್ಬ್ ಶ್ವಾರ್ಜ್ ಎಂಬಾಕೆ 1970ರ ದಶಕದಲ್ಲಿ ಇದನ್ನು ಶುರುಮಾಡಿದರು ಅನ್ನುತ್ತಾರೆ.

ಹಿಮ ಬೀಳದ ನಾಡಿನ ನಮಗೆ ಇದರಿಂದ ಏನಾಗಬೇಕು ಅಂತ ಕೇಳುವ ಗೆಳೆಯರು ಸ್ವಲ್ಪ ತಾಳಬೇಕು. ಈ ಕಸುಬಿಗೊಂದು ಕಾವ್ಯಮೀಮಾಂಸೆ ಇದೆ. ಆ ಮೀಮಾಂಸೆ ನಮಗೆ ಹೊಸದಲ್ಲ.

ಮೊದಲು ಅದರ ಸೂತ್ರಗಳನ್ನು ನೋಡೋಣ. ಬಾಗಿಲವರೆಗಿನ ದಾರಿಯ ಹಿಮ ಗೋರಬೇಕು, ಮೆಟ್ಟಿಲಿಗೆ ಉಪ್ಪು ಎರಚಬೇಕು, ನೋಡಲು ಬಂದವರು ಜಾರಿ ಬೀಳಬಾರದು. ಒದ್ದೆ ಬೂಟಿಗೆ ಚಾಪೆ ಇಡಬೇಕು. ಅವರು ಬರುವ ಮೊದಲೇ ಮನೆ ಬೆಚ್ಚಗಾಗಿರಬೇಕು, ಸುಮಾರು 20 ಡಿಗ್ರಿ ಸೆಲ್ಸಿಯಸ್. ಹಗಲಲ್ಲೂ ಎಲ್ಲ ದೀಪ ಹಚ್ಚಬೇಕು. ಬಿಳಿಚಿಕೊಂಡ ಬೆಳಕಲ್ಲ, ಹಳದಿ ಬೆಳಕು. ಬಾಗಿಲಿಗೆ ಹಸಿರೆಲೆಯ ಬಳೆ, ಸೋಫಾ ಮೇಲೆ ಉಣ್ಣೆಯ ಹೊದಿಕೆ, ಒಲೆಗೂಡಿನಲ್ಲಿ ಬೆಂಕಿ. ಒಲೆಯ ಮೇಲೆ ಸೇಬಿನ ರಸಕ್ಕೆ ದಾಲ್ಚಿನ್ನಿ ಹಾಕಿ ಸಣ್ಣಗೆ ಕುದಿಸಬೇಕು, ಯಾಕಂದರೆ ಮೂಗು ಕಣ್ಣಿಗಿಂತ ಮೊದಲು ಒಪ್ಪುತ್ತದೆ. ಅಂಗಳ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ತೋರಿಸೋ ಫೋಟೊ ಮೇಜಿನ ಮೇಲಿಡಬೇಕು.

ಇಷ್ಟರಲ್ಲಿ ತಪ್ಪೇನಿಲ್ಲ. ಬಂದವರಿಗೆ ಬೆಚ್ಚಗಿರಲಿ ಅನ್ನುವುದು ಯಾವ ನಾಡಲ್ಲಾದರೂ ಒಳ್ಳೆಯ ಮಾತೇ. ನನ್ನ ತಕರಾರು ಇರುವುದು ಎಲ್ಲ ಸಲಹೆಗಾರರೂ ತಪ್ಪದೆ ಹೇಳುವ ಇನ್ನೊಂದು ಸೂತ್ರದ ಮೇಲೆ. ಮನೆಯವರ ಗುರುತು ತೆಗೆಯಿರಿ. ಅಜ್ಜಿಯ ಫೋಟೊ, ಮಕ್ಕಳ ಪದಕ, ದೇವರ ಪಟ, ನಿಮ್ಮ ಅಡುಗೆಯ ಘಾಟು, ಎಲ್ಲ ಹೊರಗೆ. ಮೊಳೆ ಕಿತ್ತ ತೂತಿಗೆ ಗಾರೆ ತುಂಬಿ ಬಣ್ಣ ಬಳಿಯಿರಿ. ಕೊಳ್ಳುವವನು ಆ ಗೋಡೆಯ ಮೇಲೆ ತನ್ನ ಬದುಕನ್ನು ಕಲ್ಪಿಸಿಕೊಳ್ಳಬೇಕು, ನಿಮ್ಮ ಬದುಕು ಅವನಿಗೆ ಅಡ್ಡ ಬರಬಾರದು. ಈ ಬೋಳು ಗೋಡೆಯನ್ನು ಅವರು ತಟಸ್ಥ ಅಂತ ಕರೀತಾರೆ.

ಆದರೆ ಗೋಡೆ ಎಲ್ಲರಿಗೂ ಒಂದೇ ತೆರನಾಗಿ ತಟಸ್ಥವಾಗಿದೆಯೇ? ಇಂಡಿಯಾನಾಪೊಲಿಸ್ ನಗರದ ಒಬ್ಬ ಕಪ್ಪು ಹೆಣ್ಣುಮಗಳ ಮನೆಯ ಕತೆ ಕೇಳಿ. ಆಕೆ ಮನೆ ಮಾರುತ್ತಿರಲಿಲ್ಲ, ಸಾಲವನ್ನು ಹೊಸದಾಗಿ ಮಾಡಿಸುವವಳಿದ್ದಳು. ಅದಕ್ಕೂ ಮಾರಾಟದಂತೆಯೇ ಮೌಲ್ಯಮಾಪಕ ಬಂದು ಮನೆಗೆ ಬೆಲೆ ಕಟ್ಟಬೇಕು. 2020ರಲ್ಲಿ ಮೊದಲು ಬಂದ ಬೆಲೆ 1,25,000 ಡಾಲರ್. ಎರಡನೆಯದು 1,10,000. ಮೂರನೆಯ ಸಲ ಆಕೆ ತನ್ನವರ ಫೋಟೊಗಳನ್ನು, ಕಪ್ಪು ಜನರ ಕಲೆಯನ್ನು ಗೋಡೆಯಿಂದ ಇಳಿಸಿದಳು. ತಾನೂ ಹೊರಗೆ ಹೋದಳು. ಪರಿಚಯದ ಬಿಳಿಯ ಗಂಡಸೊಬ್ಬ ಮನೆಯೊಳಗೆ ನಿಂತ. ಬೆಲೆ 2,59,000ಕ್ಕೆ ಏರಿತು. ಅದೇ ಗೋಡೆ, ಅದೇ ಸೂರು, ಅದೇ ಬೀದಿ.

ಅದೇ ವರ್ಷದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಸಿಟಿಯಲ್ಲಿ ಒಂದು ಕಪ್ಪು ದಂಪತಿಯ ಮನೆಗೆ 9,95,000 ಡಾಲರ್ ಕಟ್ಟಿದ್ದರು. ಕೆಲವೇ ವಾರಗಳ ನಂತರ ಬಿಳಿಯ ಗೆಳತಿಯೊಬ್ಬಳು ತನ್ನ ಸಂಸಾರದ ಫೋಟೊಗಳನ್ನು ತಂದು ಅಲ್ಲಿಟ್ಟು, ಒಡತಿಯ ಹಾಗೆ ಬಾಗಿಲು ತೆರೆದಳು. ಬೇರೊಬ್ಬ ಮೌಲ್ಯಮಾಪಕ ಕಟ್ಟಿದ ಬೆಲೆ 14,82,500. ದಂಪತಿ 2021ರಲ್ಲಿ ಮೊಕದ್ದಮೆ ಹೂಡಿದರು. ಮೊದಲ ಮೌಲ್ಯಮಾಪಕರ ಜೊತೆ 2023ರಲ್ಲಿ ರಾಜಿಯಾಯಿತು. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಗೋಡೆ ಬೋಳಾಗಲಿಲ್ಲ. ಬಿಳಿಯರ ಫೋಟೊ ಇದ್ದ ಗೋಡೆಗೆ ಬೆಲೆ ಏನೂ ಇಳಿಯಲಿಲ್ಲ. ಹಾಗಾದರೆ ಕೊಳ್ಳುವವನ ಕಲ್ಪನೆಗೆ ಅಡ್ಡ ಬರುವುದು ಫೋಟೊ ಅಲ್ಲ ಸ್ವಾಮಿ, ಫೋಟೊದಲ್ಲಿರೋ ಮುಖ.

ಇದು ಒಬ್ಬಿಬ್ಬರ ಕೆಟ್ಟ ಮನಸ್ಸಿನ ಮಾತಲ್ಲ. ಇದನ್ನು ಸರ್ಕಾರವೇ ಕಲಿಸಿಕೊಟ್ಟಿತ್ತು. 1930ರ ದಶಕದಲ್ಲಿ ಅಮೆರಿಕದ ಒಕ್ಕೂಟ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ದರ್ಜೆ ಕೊಟ್ಟಿತು. ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಸಾಮಾನ್ಯವಾಗಿ ಕೊನೆಯ ದರ್ಜೆ, ಕೆಂಪು ಬಣ್ಣ. ಆ ಮನೆಗಳ ಮೇಲೆ ಸಾಲ ಕೊಡುವುದು ಅಪಾಯ ಎಂದು ಅದರರ್ಥ. ಮನೆ ಮಾರಾಟದಲ್ಲಿ ಬಣ್ಣ ನೋಡಬಾರದು ಎಂಬ ಕಾನೂನು ಬಂದದ್ದು 1968ರಲ್ಲಿ. ನಕ್ಷೆ ಹೋಯಿತು, ಕೆಂಪು ಶಾಯಿ ನೋಡುವವನ ಕಣ್ಣಲ್ಲಿ ಉಳಿಯಿತು.

ಲೊರೇನ್ ಹ್ಯಾನ್ಸ್‌ಬೆರಿ ಇದನ್ನೆಲ್ಲ ಮನೆಯೊಳಗೇ ಕಂಡವಳು. ಆಕೆಯ ತಂದೆ 1937ರಲ್ಲಿ ಶಿಕಾಗೋದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡು, ಸುಪ್ರೀಂ ಕೋರ್ಟಿನವರೆಗೆ ಹೋರಾಡಬೇಕಾಯಿತು. 1959ರಲ್ಲಿ ರಂಗಕ್ಕೆ ಬಂದ ಆಕೆಯ 'ಎ ರೈಸಿನ್ ಇನ್ ದ ಸನ್' ನಾಟಕದಲ್ಲಿ ಒಂದು ಕಪ್ಪು ಸಂಸಾರ ಬಿಳಿಯರ ನಡುವೆ ಮನೆ ಕೊಳ್ಳುತ್ತದೆ. ನೀವು ಬರಬೇಡಿ, ಹಣ ಕೊಡುತ್ತೇವೆ ಅಂತ ಅಲ್ಲಿಯವರು ಆಳು ಕಳಿಸುತ್ತಾರೆ. ಆ ಮನೆಯ ತಾಯಿ ಬೆಳಕು ಸಾಲದ ಕಿಟಕಿಯಲ್ಲಿ ಒಂದು ಸೊರಗಿದ ಗಿಡವನ್ನು ಸಾಕಿಕೊಂಡಿದ್ದಾಳೆ. ಮನೆ ಸಿಂಗರಿಸುವವರು ಬಂದರೆ ಮೊದಲು ಹೊರಗೆಸೆಯುವುದು ಆ ಗಿಡವನ್ನೇ. ನಾಟಕದ ಕೊನೆಯಲ್ಲಿ ತಾಯಿ ಹಣ ಬೇಡವೆಂದ ಸಂಸಾರದ ಜೊತೆ ಹೊರಟವಳು, ವಾಪಸು ಬಂದು ಆ ಗಿಡ ಎತ್ತಿಕೊಂಡು ಹೋಗುತ್ತಾಳೆ. ನಾಟಕಕಾರ್ತಿಗೆ ಮನೆ ಅಂದರೇನೆಂದು ಗೊತ್ತಿತ್ತು.

ಮನೆಗಾಗಿ ಗುರುತು ಮುಚ್ಚಿಡುವ ಈ ಸಂಕಟವನ್ನು ನಮಗೆ ಯಾರೂ ಅಮೆರಿಕದಿಂದ ತಂದು ಹೇಳಬೇಕಾಗಿಲ್ಲ. ಅದೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡದ ನೌಕರಿಗೆ ಹೋದಾಗ ತಲೆ ಮೇಲೊಂದು ಸೂರಿಗಾಗಿ ಪಾರ್ಸಿ ಹೆಸರು ಹೇಳಿ ಛತ್ರ ಸೇರಬೇಕಾಯಿತು. ಗೊತ್ತಾದ ಮೇಲೆ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ನೂರು ವರ್ಷ ಕಳೆದ ಮೇಲೂ ನಾನು ಪಟ್ಟಣದಲ್ಲಿ ಬಾಡಿಗೆ ರೂಮು ಹಿಡಿದಾಗ ಗೆಳೆಯನೊಬ್ಬ ಹೇಳಿದ್ದು ಇಷ್ಟೇ: "ಓನರು ಬಂದಾಗ ಆ ಫೋಟೊ ಒಂಚೂರು ಒಳಗಿಡೋ." ಅವನು ಕೆಟ್ಟವನಲ್ಲ. ಅವನಿಗೂ ಅನುಭವ ಇತ್ತು. ನಾನು ಬಾಬಾಸಾಹೇಬರನ್ನು ಟ್ರಂಕಿನಲ್ಲಿಟ್ಟೆ. ರೂಮು ಸಿಕ್ಕಿತು. ಆ ರಾತ್ರಿ ಬೋಳು ಗೋಡೆ ನೋಡುತ್ತಾ ನಿದ್ದೆ ಬರಲಿಲ್ಲ.

ಹಾಗಾಗಿ ಫೋಟೊ ಇಳಿಸಿದ ಆ ಹೆಣ್ಣುಮಗಳನ್ನು ನಾನು ಹಂಗಿಸಲಾರೆ. ಆಕೆ ಇಳಿಸಿದ್ದು ಶರಣಾಗತಿಯಲ್ಲ. ಆ ತಕ್ಕಡಿ ಸುಳ್ಳು ಅಂತ ಲೆಕ್ಕ ಹಾಕಿ ಜಗತ್ತಿಗೆ ತೋರಿಸಿ, 2021ರಲ್ಲಿ ದೂರು ಕೊಟ್ಟಳು.

ನಾವು ಬರೆಯುವವರು ಇಲ್ಲಿ ಒಂದು ಪಾಠ ಕಲಿಯಬೇಕು. ನಮ್ಮ ಕವಿತೆಗಳಿಗೂ ಸಿಂಗರಿಸುವವರು ಬರುತ್ತಾರೆ. ವಸ್ತು ಚೆನ್ನಾಗಿದೆ, ಆದರೆ ಕೇರಿ ಜಾಸ್ತಿಯಾಯಿತು ಅಂತಾರೆ. ಅವ್ವನ ಭಾಷೆ ಒರಟು, ಸಿಟ್ಟು ತೆಗೆಯಿರಿ, ಜಾತಿಯ ಹೆಸರು ತೆಗೆಯಿರಿ, ಸಾರ್ವತ್ರಿಕವಾಗುತ್ತೆ ಅಂತಾರೆ. ಯಾರ ಸಾರ್ವತ್ರಿಕ? ಅಗ್ರಹಾರದ ನಡುಮನೆ, ತುಳಸಿಕಟ್ಟೆ, ಮಡಿಸೀರೆ ಕನ್ನಡದ ಕತೆಗಳಲ್ಲಿ ತುಂಬಿಕೊಂಡಿವೆ. ಅವನ್ನು ಓದುವಾಗ ನಮ್ಮ ಕಲ್ಪನೆಗೆ ಅಡ್ಡ ಬಂತು ಅಂತ ನಾವು ಯಾವತ್ತಾದರೂ ದೂರು ಹೇಳಿದೆವಾ? ಅವರ ಮನೆಯ ಫೋಟೊಗಳ ನಡುವೆಯೇ ನಾವು ಸಾಹಿತ್ಯ ಓದುವುದನ್ನು ಕಲಿತಿದ್ದೇವೆ. ನಮ್ಮ ಹಟ್ಟಿಯ ಹೊಗೆ ಒಂದು ಸಾಲಿನಲ್ಲಿ ಬಂದರೆ ಸಾಕು, ಅವರಿಗೆ ಕೆಮ್ಮು.

ಊರಿನ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. ಮಕ್ಕಳಿಗೆ 'ನಮ್ಮ ಮನೆ' ಅಂತ ಪ್ರಬಂಧ ಬರೆಸುತ್ತೀರಲ್ಲ, ಆಗ ಕೇರಿಯ ಮಗು ಪಠ್ಯಪುಸ್ತಕದ ಹೆಂಚಿನ ಮನೆಯನ್ನೂ ಇಲ್ಲದ ಹೂದೋಟವನ್ನೂ ಬರೆದು ತಂದರೆ ಹತ್ತಕ್ಕೆ ಹತ್ತು ಕೊಟ್ಟು ಕಳಿಸಬೇಡಿ. ಅದೂ ಫೋಟೊ ಇಳಿಸಿಯೇ ಬರೆದಿರುತ್ತದೆ. ನಿಮ್ಮ ಗೋಡೆ ಮೇಲೆ ಏನಿದೆ ಮಗಾ ಅಂತ ಕೇಳಿ. ಅದು ಹೇಳಿದ್ದನ್ನೇ ಅದರ ಕೈಲಿ ಬರೆಸಿ.

ಬಾಬಾಸಾಹೇಬರನ್ನು ನಾನು ಟ್ರಂಕಿನಿಂದ ತೆಗೆದಿದ್ದೇನೆ. ಓನರು ತಿಂಗಳ ಮೊದಲ ವಾರ ಬಾಡಿಗೆಗೆ ಬರುತ್ತಾರೆ.