ಸವ್ಯಸಾಚಿಯೂ ಚೋರನೂ: ದ್ವಿಶಸ್ತ್ರಧಾರಿಯಾದ ಧೂರ್ತಪಾತ್ರದ ಔಚಿತ್ಯವಿಚಾರ

ಕಾವ್ಯದಲ್ಲಿ ಪಾತ್ರವನ್ನು ಕವಿಯು ಕಟ್ಟುತ್ತಾನೆ. ಸಹೃದಯನು ಅದನ್ನು ಅನುಭವಿಸುತ್ತಾನೆ. ಈ ವಿಭಾಗವನ್ನು ಮೀರಿ, ಪಾತ್ರನಿರ್ಮಾಣದ ಭಾರವನ್ನು ಸಹೃದಯನ ಮೇಲೆಯೇ ಹೊರಿಸಿದ ಒಂದು ನೂತನವಿನೋದವು ಅಮೆರಿಕಾ ದೇಶದಲ್ಲಿ ೧೯೭೪ರಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆ ಆಟದಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಉಳಿದವರು ತಮತಮಗೊಂದು ಪಾತ್ರವನ್ನು ನಿರ್ಮಿಸಿಕೊಂಡು, ದಾಳಗಳನ್ನುರುಳಿಸಿ ಕಾರ್ಯದ ಸಿದ್ಧ್ಯಸಿದ್ಧಿಗಳನ್ನು ತಿಳಿಯುವರು. ಮೊದಲಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ಪಾತ್ರಜಾತಿಗಳಿದ್ದುವು. ೧೯೭೫ರ ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ ಚೋರನು ಬಂದು ಸೇರಿದನು. ೨೦೦೦ದ ಮೂರನೆಯ ಆವೃತ್ತಿಯಿಂದೀಚೆಗೆ ಆ ಪಾತ್ರಜಾತಿಗೆ ‘ರೋಗ್’ ಎಂದು ಹೆಸರು. ಇದು ನಮ್ಮ ರೋಗಶಬ್ದವಲ್ಲ, ಧೂರ್ತನೆಂದರ್ಥ.

ಈ ಧೂರ್ತನ ಎರಡು ಕೈಗಳಿಗೂ ಆಯುಧವನ್ನು ಕೊಡುವುದು ಉಚಿತವೆ, ಅಲ್ಲವೆ, ಎಂಬುದು ಪ್ರಕೃತವಿಚಾರ. ಆಟದ ಮಾತಿಗೆ ವಿದ್ವತ್ಪತ್ರಿಕೆಯಲ್ಲಿ ಎಡೆಯೇತಕ್ಕೆ ಎಂದು ಕೆಲವರು ಕೇಳಬಹುದು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದನು. ತರಗತಿಯಲ್ಲಿ ಆ ಮಾತನ್ನು ಕಂಠಪಾಠಮಾಡಿ ಮರೆಯುವ ವಿದ್ಯಾರ್ಥಿಯೇ ಈ ಆಟದಲ್ಲಿ, ಯಾವ ಸ್ವಭಾವಕ್ಕೆ ಯಾವ ಸಾಧನವು ಒಪ್ಪುವುದೆಂದು ಗಂಟೆಗಟ್ಟಲೆ ತೂಗಿನೋಡುತ್ತಾನೆ. ಹೀಗಿರಲು, ಈ ತೂಗುವಿಕೆಯನ್ನು ಅಲ್ಪವೆಂದು ತಳ್ಳಿಬಿಟ್ಟರೆ ನಷ್ಟವು ಆಟಕ್ಕಲ್ಲ, ಸಾಹಿತ್ಯಬೋಧನೆಗೆ.

ಪೂರ್ವಪಕ್ಷವು ಹೀಗೆ: ಎರಡು ಕೈಗಳಲ್ಲಿಯೂ ಶಸ್ತ್ರವಿದ್ದರೆ ಬಲವು ಇಮ್ಮಡಿಯಾಗುವುದು; ನಮ್ಮ ಅರ್ಜುನನೇ ಇದಕ್ಕೆ ನಿದರ್ಶನ. ಪಾಂಡವರ ಹೆಸರನ್ನೇ ಹೊತ್ತು, ಕುಂತೀಬೆಟ್ಟದ ನೆರಳಿನಲ್ಲಿರುವ ಈ ಪಾಂಡವಪುರದಲ್ಲಿ ಅರ್ಜುನನ ಪಕ್ಷವನ್ನು ನಿರಾಕರಿಸುವುದು ಸುಲಭವಲ್ಲ. ಆದರೂ ಶಬ್ದಾರ್ಥವನ್ನು ನೋಡಬೇಕು. ವಿರಾಟಪರ್ವದಲ್ಲಿ ಉತ್ತರನಿಗೆ ತನ್ನ ಹತ್ತು ಹೆಸರುಗಳನ್ನು ವಿವರಿಸುವ ಪಾರ್ಥನು, ತನ್ನೆರಡು ಕೈಗಳೂ ಗಾಂಡೀವವನ್ನು ಸೆಳೆಯಬಲ್ಲವಾದುದರಿಂದ ತಾನು ಸವ್ಯಸಾಚಿಯೆಂದು ಹೇಳುತ್ತಾನೆ. ಎಂದರೆ ಕೈ ಎರಡು, ಬಿಲ್ಲು ಒಂದೇ. ಅದಲ್ಲದೆ ಅರ್ಜುನನು ಬಯಲಿನ ವೀರ. ಶಂಖವನ್ನೂದಿ, ಧ್ವಜವನ್ನೆತ್ತಿ, ಹೆಸರು ಹೇಳಿ ಹೋರುವವನು. ಇರುಳಿನಲ್ಲಿ ಮೆಲ್ಲಡಿಯಿಟ್ಟು ಬರುವವನಿಗೆ ಅವನನ್ನು ಪ್ರಮಾಣವಾಗಿಡುವುದು ಸಲ್ಲದು.

ಹಾಗಾದರೆ ಪ್ರಮಾಣವೆಲ್ಲಿ? ದಶರೂಪಕವು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತರೆಂದು ನಾಲ್ಕಾಗಿ ವಿಂಗಡಿಸಿತು. ಈ ಪಂಕ್ತಿಯಲ್ಲಿ ಚೋರನಿಗೆಂದು ಪೀಠವಿಲ್ಲ. ಆದರೆ ಲಾಕ್ಷಣಿಕರು ಕೊಡದ ಪೀಠವನ್ನು ಕವಿಗಳು ಕೊಟ್ಟರು. ದಂಡಿಯ ದಶಕುಮಾರಚರಿತದಲ್ಲಿ ಅಪಹಾರವರ್ಮನು ಚಂಪಾನಗರಿಯ ಲೋಭಿಗಳ ಮನೆಗಳನ್ನು ಕನ್ನವಿಕ್ಕಲು ಹೊರಡುವ ಸಂದರ್ಭವನ್ನು ಪರಾಂಬರಿಸಬೇಕು. ನೀಲಿಯ ಮೊಟಕುಡುಗೆ; ಸೊಂಟದಲ್ಲಿ ಹರಿತವಾದ ಕತ್ತಿಯೊಂದು. ಅನಂತರ ಸಾಧನಗಳ ಸಾಲು: ಫಣಿಮುಖ, ಕಾಕಲೀ, ಇಕ್ಕುಳ, ಪುರುಷಶೀರ್ಷಕ, ಯೋಗಚೂರ್ಣ, ಯೋಗವರ್ತಿಕೆ, ಅಳತೆಯ ನೂಲು, ಕರ್ಕಟಕ, ಹಗ್ಗ, ದೀಪಭಾಜನ, ದೀಪವನ್ನಾರಿಸಲು ದುಂಬಿಗಳ ಕರಂಡಕ. ಎಣಿಸಿದರೆ ಹನ್ನೊಂದು, ಇವೇ ಮೊದಲಾದುವೆಂದು ಕವಿಯು ಸಾಲನ್ನು ಮುಗಿಸದೆ ಬಿಡುತ್ತಾನೆ. ಕತ್ತಿಯೊಂದು, ಉಪಕರಣಗಳು ಹಲವು: ಇದೇ ದಂಡಿಯ ತೂಕ. ಚೋರನ ಎಡಗೈಗೆ ಅವನು ಎರಡನೆಯ ಕತ್ತಿಯನ್ನು ಕೊಡಲಿಲ್ಲ. ಹಗ್ಗಕ್ಕೂ ದೀಪಕ್ಕೂ ಅದನ್ನು ಬಿಡುವಾಗಿರಿಸಿದನು.

ಮೃಚ್ಛಕಟಿಕದ ಮೂರನೆಯ ಅಂಕದ ಶರ್ವಿಲಕನು ಇದನ್ನು ಇನ್ನೂ ಸೂಕ್ಷ್ಮವಾಗಿ ತೋರುತ್ತಾನೆ. ಚಾರುದತ್ತನ ಗೋಡೆಯ ಮುಂದೆ ನಿಂತು, ಕನ್ನದ ಏಳು ಆಕಾರಗಳನ್ನು ಎಣಿಸಿ, ಸುಟ್ಟಿಟ್ಟಿಗೆಗೆ ಪೂರ್ಣಕುಂಭವೇ ಒಪ್ಪುವುದೆಂದು ಆರಿಸುವ ಇವನು ಚೋರರಲ್ಲಿ ಶಾಸ್ತ್ರಕಾರ. ಅಳತೆಯ ನೂಲನ್ನು ಮರೆತುಬಂದುದರಿಂದ ಯಜ್ಞೋಪವೀತದಿಂದ ಅಳೆಯುತ್ತಾನೆ. ಬೆರಳನ್ನು ಹಾವು ಕಚ್ಚಲು ಅದರಿಂದಲೇ ಕಟ್ಟುತ್ತಾನೆ. ಇಲ್ಲಿಯ ಹಾಸ್ಯವು ಸರ್ವವಿದಿತ. ಹಾಸ್ಯದ ಒಳಗಿರುವ ನೀತಿಯನ್ನು ಗಮನಿಸಿದವರು ವಿರಳ. ಚೋರನ ಎರಡನೆಯ ಸಾಧನವು ಮೊದಲನೆಯದರ ಜೊತೆಗೆ ನಡೆಯತಕ್ಕದ್ದಲ್ಲ. ಮೊದಲನೆಯದು ತಪ್ಪಿದಾಗ ಒದಗತಕ್ಕದ್ದು.

ಈ ನೀತಿಯೇ ಆಟದ ೨೦೧೪ರ ಐದನೆಯ ಆವೃತ್ತಿಯ ವಿಧಿಗಳಲ್ಲಿಯೂ ಅಡಗಿರುವುದು ಸೋಜಿಗವಾಗಿದೆ. ಅಲ್ಲಿ ಧೂರ್ತನಿಗೆ ಒಂದು ಸರದಿಯಲ್ಲಿ ಒಂದು ಮುಖ್ಯಕ್ರಿಯೆ, ಒಂದು ಉಪಕ್ರಿಯೆ. ಮುಖ್ಯಕ್ರಿಯೆಯಿಂದ ಬಲಗೈಯ ಹೊಡೆತ. ಉಪಕ್ರಿಯೆಯನ್ನು ಎಡಗೈಯ ಹೊಡೆತಕ್ಕೆ ವೆಚ್ಚಮಾಡಬಹುದು. ಇಲ್ಲವೆ ಎರಡನೆಯ ಅಂತಸ್ತಿನಿಂದ ಮುಂದಕ್ಕೆ ಓಡುವುದಕ್ಕೋ, ಅಡಗುವುದಕ್ಕೋ, ಹಗೆಯ ಅಳವಿನಿಂದ ನುಸುಳುವುದಕ್ಕೋ ಬಳಸಬಹುದು. ಅವನ ಸರ್ವಸ್ವವಾದ ಗೂಢಪ್ರಹಾರವು ಸರದಿಗೆ ಒಮ್ಮೆ ಮಾತ್ರ ಫಲಿಸುವುದು.

ಲೆಕ್ಕವನ್ನಿಟ್ಟು ನೋಡೋಣ. ಐದನೆಯ ಅಂತಸ್ತಿನ ಧೂರ್ತನ ಗೂಢಪ್ರಹಾರಕ್ಕೆ ಆರುಮುಖದ ಮೂರು ದಾಳಗಳು; ಸರಾಸರಿ ೧೦.೫. ಕಿರುಗತ್ತಿಗೆ ಒಂದು ದಾಳ; ಸರಾಸರಿ ೩.೫. ಚುರುಕುತನಕ್ಕೆ ೪ ಎಂದಿಟ್ಟುಕೊಳ್ಳೋಣ. ಇದು ಬಲಗೈಯ ಹೊಡೆತಕ್ಕೆ ಮಾತ್ರ ಕೂಡುವುದು. ಮಿತ್ರನೊಬ್ಬನು ಹಗೆಯ ಮಗ್ಗುಲಲ್ಲಿರುವುದರಿಂದ ಗೂಢಪ್ರಹಾರಕ್ಕೆ ಅವಕಾಶವಿದೆಯೆಂದೂ, ನೂರಕ್ಕೆ ೬೦ ಹೊಡೆತಗಳು ತಗಲುವುವೆಂದೂ ಭಾವಿಸಿದರೆ, ಒಂದೇ ಕೈಯಿಂದ ಸರಾಸರಿ ೧೦.೮ ಫಲ, ಎರಡು ಕೈಗಳಿಂದ ಸುಮಾರು ೧೫.೪. ಪೂರ್ವಪಕ್ಷಿಯು ಗೆದ್ದಂತೆ ಕಾಣುವುದು. ಆದರೆ ಅದೇ ಉಪಕ್ರಿಯೆಯಿಂದ ಮೊದಲು ಅಡಗಿ, ಆ ಅನುಕೂಲದಿಂದ ದಾಳವನ್ನು ಎರಡು ಸಲ ಉರುಳಿಸಿ ಮೇಲಾದುದನ್ನು ಆರಿಸಿಕೊಂಡರೆ, ಒಂದೇ ಕತ್ತಿಯಿಂದ ಸುಮಾರು ೧೫.೧. ಅಡಗಿ ಹೊಡೆದ ಒಂದು ಕೈಗೂ ಬಯಲಿನಲ್ಲಿ ಬೀಸಿದ ಎರಡು ಕೈಗಳಿಗೂ ಅಂತರವು ಅತ್ಯಲ್ಪ.

ಇನ್ನೂ ಒಳಹೊಕ್ಕು ನೋಡಿದರೆ ಮರ್ಮವು ಹೊರಬೀಳುವುದು. ಮೊದಲ ಹೊಡೆತವು ತಗಲಿದ್ದರೆ ಗೂಢಪ್ರಹಾರವು ಮುಗಿದುಹೋಯಿತು. ಆಗ ಎಡಗೈಯ ಬೆಲೆ ಸರಾಸರಿ ೨.೧ ಮಾತ್ರ. ಮೊದಲನೆಯದು ತಪ್ಪಿದ್ದರೆ ಅದೇ ಎಡಗೈಯ ಬೆಲೆ ೮.೪. ಆದುದರಿಂದ ನಿಪುಣನು ಮೊದಲ ದಾಳವನ್ನು ಕಂಡ ಮೇಲೆಯೇ ಎಡಗೈಯ ಗತಿಯನ್ನು ನಿಶ್ಚಯಿಸುವನು: ತಗಲಿದರೆ ನುಸುಳಿಹೋಗುವುದು, ತಪ್ಪಿದರೆ ಮತ್ತೊಮ್ಮೆ ಹೊಡೆಯುವುದು. ಎರಡನೆಯ ಬಾಕು ಅವನಿಗೆ ನಿತ್ಯಧರ್ಮವಲ್ಲ, ಆಪದ್ಧರ್ಮ. ಶರ್ವಿಲಕನ ಜನಿವಾರದ ಸ್ಥಾನವೂ ಇದೇ.

ನಿರ್ಗಮನಕ್ಕೆ ಇಷ್ಟು ಬೆಲೆಯೇತಕ್ಕೆಂದರೆ, ನಮ್ಮ ತಾಲೂಕಿನ ಮೇಲುಕೋಟೆಯ ವೈರಮುಡಿಯ ಐತಿಹ್ಯವೇ ಉತ್ತರಕೊಡುವುದು. ಕ್ಷೀರಸಾಗರದಲ್ಲಿ ಯೋಗನಿದ್ರೆಯಲ್ಲಿದ್ದ ಭಗವಂತನ ಕಿರೀಟವನ್ನು ವಿರೋಚನನು ಕದ್ದೊಯ್ದನು. ಗರುಡನು ಬೆನ್ನಟ್ಟಿ ಕಾದಾಡಿ ಅದನ್ನು ಮರಳಿ ತಂದನು. ಹೊಗುವ ವಿದ್ಯೆಯಲ್ಲಿ ಆ ಅಸುರನಿಗೆ ಕೊರತೆಯಿರಲಿಲ್ಲ. ದಕ್ಕಿಸಿಕೊಳ್ಳುವ ವಿದ್ಯೆ ಇರಲಿಲ್ಲ. ಕಳವಿನ ಕಥೆಯು ತೀರ್ಮಾನವಾಗುವುದು ಹೊಕ್ಕೆಡೆಯಲ್ಲಲ್ಲ, ಹೊರಬಿದ್ದೆಡೆಯಲ್ಲಿ.

ಇನ್ನು ೨೦೨೪ರ ಪರಿಷ್ಕರಣದ ಮಾತು. ಅದರಲ್ಲಿ ಬಾಕು ಮೊದಲಾದ ಕೆಲವು ಆಯುಧಗಳಿಗೆ ‘ನಿಕ್’ ಎಂಬ ಗುಣವನ್ನು ಕಲ್ಪಿಸಿ, ಅದರಲ್ಲಿ ಪಳಗಿದವನಿಗೆ ಎಡಗೈಯ ಹೊಡೆತವನ್ನು ಮುಖ್ಯಕ್ರಿಯೆಯೊಳಗೇ ಸೇರಿಸಿದರು. ಉಪಕ್ರಿಯೆಯು ಬಿಡುವಾಯಿತು; ಧೂರ್ತನು ಎರಡು ಸಲ ಹೊಡೆದೂ ನುಸುಳಬಲ್ಲವನಾದನು. ಇದರಿಂದ ಪಾತ್ರವು ಬಲಿಷ್ಠವಾಯಿತೆಂಬುದು ನಿಜ. ಪರಿಷ್ಕರ್ತರ ಪರವಾಗಿ, ಎಡಗೈಗಾಗಿ ಪಲಾಯನವನ್ನು ಬಿಡಬೇಕಾಗಿದ್ದ ಆಟಗಾರರ ಕೊರಗು ಇದರಿಂದ ತೀರಿತೆಂದೂ ಹೇಳಬಹುದು. ಆದರೂ ವಿಮರ್ಶಕನು ಕೇಳತಕ್ಕದ್ದು ಬೇರೆ. ಹಿಂದೆ ಪ್ರತಿ ಸರದಿಯಲ್ಲಿಯೂ ಹೊಡೆಯಲೋ ಹೊರಡಲೋ ಎಂಬ ಸಂದೇಹವಿತ್ತು. ಆ ಸಂದೇಹದಲ್ಲಿಯೇ ಧೂರ್ತನ ಸ್ವಭಾವವು ಬೆಳಗುತ್ತಿತ್ತು. ಈಗ ಆ ತ್ಯಾಗವಿಲ್ಲ. ತ್ಯಾಗವಿಲ್ಲದೆಡೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದೆಡೆ ಪಾತ್ರವು ತೆಳುವಾಗುವುದು. ಶರ್ವಿಲಕನು ಅಳತೆಯ ನೂಲನ್ನು ಮರೆಯದೆ ತಂದಿದ್ದರೆ ಕನ್ನವು ಸುಲಭವಾಗುತ್ತಿತ್ತು, ನಾಟಕವು ಬಡವಾಗುತ್ತಿತ್ತು.

ಆದುದರಿಂದ ಸಿದ್ಧಾಂತವಿದು: ಧೂರ್ತನ ಎರಡನೆಯ ಕೈಗೆ ಶಸ್ತ್ರವನ್ನು ಕೊಡುವುದು ಅನುಚಿತವಲ್ಲ, ಅದನ್ನು ಬೀಸದೆ ಹಿಂದೆಗೆಯುವ ವಿವೇಕವನ್ನು ಜೊತೆಗೆ ಕೊಡದಿರುವುದು ಅನುಚಿತ. ಅಧ್ಯಾಪಕರು ಮೃಚ್ಛಕಟಿಕದ ಮೂರನೆಯ ಅಂಕವನ್ನು ಪಾಠಹೇಳುವಾಗ, ಶರ್ವಿಲಕನ ಕೈಗೆ ನೀವಾದರೆ ಏನನ್ನು ಕೊಡುವಿರಿ, ಏನನ್ನು ಬಿಡುವಿರಿ ಎಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿನೋಡಬೇಕು. ಪಾತ್ರೌಚಿತ್ಯದ ಚರ್ಚೆಗೆ ಅದಕ್ಕಿಂತ ಒಳ್ಳೆಯ ಪ್ರವೇಶವು ನಮಗೆ ತೋರದು.