ಕೆಸರು ಬಲ್ಲ ಗಾಲಿ

ಕಾಡುಮೇಡುಗಳಲ್ಲಿ ವಿಹರಿಸುವ ಜೀಪುಗಳ ಗಾಲಿಗಳನ್ನು ಕುರಿತು ರಸಿಕರು ಗಂಟೆಗಟ್ಟಲೆ ಚರ್ಚಿಸುವುದುಂಟು; ಆದರೆ ಮಂಡ್ಯದ ಸೀಮೆಯಲ್ಲಿ ದಾರಿಯ ಹಂಗನ್ನು ನಿಜವಾಗಿ ತೊರೆದು ದುಡಿಯುವ ವಾಹನವೆಂದರೆ ಟ್ರ್ಯಾಕ್ಟರು, ಮತ್ತು ಅದರ ಗಾಲಿಯ ಆಯ್ಕೆಯಲ್ಲಿ ರೈತನು ತೋರುವ ವಿವೇಕಕ್ಕೆ ಸಲ್ಲಬೇಕಾದ ಆದರ ಇನ್ನೂ ಸಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರುಗಳ ಬಯಲನ್ನು ತುಂಬಿದಾಗ ಗದ್ದೆಯ ಮೇಲ್ಮಣ್ಣು ರಾಡಿಯಾಗುತ್ತದೆ. ವರುಷ ವರುಷವೂ ಉತ್ತು ತುಳಿದುದರಿಂದ ಅದರಡಿಯಲ್ಲಿ, ಸುಮಾರು ಒಂದು ಗೇಣು ಆಳಕ್ಕೆ, ಗಟ್ಟಿಯಾದ ಪದರವೊಂದು ಏರ್ಪಟ್ಟಿರುತ್ತದೆ. ನಿಂತ ನೀರು ಇಂಗಿಹೋಗದಂತೆ ತಡೆಯುವುದೂ ಯಂತ್ರದ ಭಾರವನ್ನು ಹೊರುವುದೂ ಆ ಪದರವೇ. ರಾಡಿಯನ್ನು ಸೀಳಿಕೊಂಡು ಅಲ್ಲಿಗೆ ಮುಟ್ಟಿ, ಅದನ್ನು ಒಡೆಯದೆ ಊರಿ ನಡೆಯಬಲ್ಲ ಗಾಲಿಯೇ ಉತ್ತಮವಾದ ಗಾಲಿ. ಬರಿಯ ಟೈರು ಇಲ್ಲಿ ಸೋಲುತ್ತದೆ: ಮೈಮೇಲೆ ಉಬ್ಬಿರುವ ಗುಬುಟುಗಳ ನಡುವೆ ಕೆಸರು ಮೆತ್ತಿಕೊಂಡು ಅದು ನುಣ್ಣನೆಯ ಉರುಳೆಯಂತಾಗಿ, ನಿಂತಲ್ಲೇ ಸುತ್ತಿ, ಕಾಪಾಡಬೇಕಾದ ಪದರವನ್ನೇ ಕೊರೆದು ಗುಂಡಿಮಾಡುತ್ತದೆ.

ಕೇಜ್ ವೀಲ್ ಎಂಬ ಕಬ್ಬಿಣದ ಪಂಜರಕ್ಕೆ ಮಹತ್ತ್ವವಿರುವುದು ಈ ಕಾರಣದಿಂದ. ಟೈರನ್ನು ಕಳಚಿ ಅದರ ಸ್ಥಾನದಲ್ಲಿ ತೊಡಿಸುವ ಪೂರ್ಣ ಪಂಜರವೊಂದು, ಟೈರಿನ ಹೊರಮಗ್ಗುಲಿಗೆ ಬಿಗಿಯುವ ಅರ್ಧ ಪಂಜರವೊಂದು, ಹೀಗೆ ಎರಡು ಬಗೆ. ತುಂಡು ತುಂಡಾದ ಹಿಡುವಳಿಗಳ ನಡುವೆ ತೆವರಿ ದಾಟಿ ಓಡಾಡಬೇಕಾದ ನಮ್ಮವರಿಗೆ ನಾನು ಅರ್ಧ ಪಂಜರವನ್ನೇ ಮೆಚ್ಚುತ್ತೇನೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ, ಅಡ್ಡಪಟ್ಟಿಗಳು ಬಳೆಯನ್ನು ಕೂಡುವ ಎಡೆಯಲ್ಲಿ ಬೆರಳಾಡಿಸಿ ವೆಲ್ಡಿಂಗನ್ನು ಪರೀಕ್ಷಿಸಬೇಕು. ಒಂದು ಬೆಸುಗೆ ಬಿಟ್ಟರೆ ಪಟ್ಟಿ ಬಾಗಿ ಟೈರಿನ ಮಗ್ಗುಲನ್ನು ಹರಿಯುತ್ತದೆ. ಪಂಜರವನ್ನು ತೊಟ್ಟು ಡಾಂಬರು ರಸ್ತೆಗೆ ಇಳಿಯುವುದು ಮಾತ್ರ ಊರಿಗೇ ಬಗೆಯುವ ಅಪಚಾರ.

ಇನ್ನು ಟೈರು. 13.6-28 ಎಂದರೆ ಅಗಲ 13.6 ಅಂಗುಲ, ರಿಮ್ಮಿನ ವ್ಯಾಸ 28 ಅಂಗುಲ. ನಲವತ್ತು ಕುದುರೆಶಕ್ತಿಯ ಆಸುಪಾಸಿನ ಯಂತ್ರಕ್ಕೆ ಇದು ಧಾರಾಳವಾಗಿ ಸಾಕು, ಇದಕ್ಕಿಂತ ದಪ್ಪನೆಯದು ಬಹುಮಟ್ಟಿಗೆ ಆಡಂಬರ. ತೊಡಿಸುವಾಗ ಗುಬುಟಿನ ಒಳತುದಿ ಮೊದಲು ನೆಲ ಮುಟ್ಟಿ ಹೊರತುದಿ ಅನಂತರ ಮುಟ್ಟುವಂತಿದ್ದರೆ ಮಣ್ಣು ಹೊರಕ್ಕೆ ಜಾರುತ್ತದೆ. ತಿರುವುಮುರುವಾದರೆ ನಡುವೆಯೇ ತುಂಬಿಕೊಳ್ಳುತ್ತದೆ.

ಮಳವಳ್ಳಿಯ ಕಡೆ ನಾಲೆ ಮುಟ್ಟದ ರಾಗಿ ಹೊಲಗಳಲ್ಲಿ ಈ ನ್ಯಾಯವೆಲ್ಲ ಬೇರೆ. ಅಲ್ಲಿ ಪಂಜರ ನಿರುಪಯುಕ್ತ. ಹಿಂದಿನ ಟೈರಿನ ಮುಕ್ಕಾಲು ಪಾಲಿಗೆ ನೀರು ತುಂಬಿದರೆ ಆ ಭಾರದಿಂದಲೇ ನೆಲದ ಹಿಡಿತ ದೊರೆತು ನೇಗಿಲು ಚೆನ್ನಾಗಿ ಇಳಿಯುತ್ತದೆ. ಕೆ.ಎಂ.ದೊಡ್ಡಿಯ ಕಾರ್ಖಾನೆಗೆ ಕಬ್ಬು ಎಳೆಯುವವನಿಗೂ ಆ ಭಾರ ಹಿತವೇ. ಆದರೆ ಅದೇ ಟ್ರ್ಯಾಕ್ಟರನ್ನು ನಾಟಿಯ ಗದ್ದೆಗೆ ಇಳಿಸುವ ಮುನ್ನ, ಎಷ್ಟೇ ಅವಸರವಿರಲಿ, ಆ ನೀರನ್ನು ಬಸಿದುಬಿಡಬೇಕು.