ತಂತಿ ಅದೇ, ಮಾರುವವನು ಬೇರೆ

ಕರ್ನಾಟಕದ ಮಧ್ಯಮ ಗಾತ್ರದ ಕಾರ್ಖಾನೆಗಳ ಮಾಲೀಕರ ಮೇಜಿಗೆ ಹಲವು ವರ್ಷಗಳಿಂದ ಒಂದೇ ಬಗೆಯ ಹಾಳೆ ಬಂದು ಬೀಳುತ್ತಿದೆ. ಎಡಗಡೆ ಎಸ್ಕಾಂ (ಸರ್ಕಾರಿ ವಿದ್ಯುತ್ ಸರಬರಾಜು ಕಂಪನಿ) ದರ, ಬಲಗಡೆ ಖಾಸಗಿ ಸೋಲಾರ್ ಇಲ್ಲವೇ ವಿಂಡ್ ಕಂಪನಿಯ ದರ, ಕೆಳಗೆ ದಪ್ಪಕ್ಷರದಲ್ಲಿ ವರ್ಷಕ್ಕೆ ಇಷ್ಟು ಲಕ್ಷ ಉಳಿತಾಯ. ಲೆಕ್ಕ ಸುಳ್ಳಲ್ಲ. ಆದರೆ ಸಹಿ ಹಾಕಬೇಕಾದ ಕರಾರಿನಲ್ಲಿ ಆ ದರ ಒಂದೇ ಒಂದು ಕಲಮಿನಲ್ಲಿದೆ. ಉಳಿದ ಕಲಮುಗಳಲ್ಲಿ ಹೆಚ್ಚಿನವು ಆ ಉಳಿತಾಯ ಯಾವಾಗ ಕೈತಪ್ಪುತ್ತದೆ, ಆಗ ನಷ್ಟ ಯಾರ ತಲೆಗೆ ಎಂಬುದನ್ನು ಹೇಳುತ್ತವೆ. ಅವನ್ನು ಓದುವವರು ಕಡಿಮೆ.

ಹಕ್ಕಂತೂ ಕಾನೂನೇ ಕೊಟ್ಟದ್ದು. 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ 'ಓಪನ್ ಆ್ಯಕ್ಸೆಸ್'ಗೆ ಬಾಗಿಲು ತೆರೆಯಿತು. 1 ಮೆಗಾವ್ಯಾಟ್‌ಗಿಂತ ಹೆಚ್ಚು ಬೇಡಿಕೆಯ ಗ್ರಾಹಕ ತನ್ನೂರಿನ ಎಸ್ಕಾಂ ಬಿಟ್ಟು ಬೇರೆಯವರಿಂದ ಕರೆಂಟು ಕೊಳ್ಳಬಹುದಾಯಿತು. 2022ರ ಜೂನ್‌ನಲ್ಲಿ ಕೇಂದ್ರದ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಈ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ಮಾರುವವನು ಬದಲಾದರೂ ಕಂಬ, ತಂತಿ, ಮೀಟರು ಎಸ್ಕಾಂನವೇ. ಹಾಗಾಗಿ ವೀಲಿಂಗ್ ಚಾರ್ಜು ಕೊಡಬೇಕು. ಕಾಂಟ್ರಾಕ್ಟ್ ಡಿಮಾಂಡಿನ ನಿಗದಿತ ಶುಲ್ಕವೂ ಎಸ್ಕಾಂಗೆ ಹೋಗುತ್ತಲೇ ಇರುತ್ತದೆ. ಇವುಗಳ ಮೇಲೆ ಕ್ರಾಸ್ ಸಬ್ಸಿಡಿ ಸರ್ಚಾರ್ಜು. ಉದ್ಯಮಿಗಳು ಇದನ್ನು ದಂಡವೆಂದೇ ಕರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಡ ಮನೆಗಳ ಮತ್ತು ಹೊಲಗಳ ದರ ತಗ್ಗಿಸಿಡಲು ದೊಡ್ಡ ಗ್ರಾಹಕರು ಹೆಚ್ಚು ತೆರುವ ವ್ಯವಸ್ಥೆ ನಮ್ಮದು. ದೊಡ್ಡವರೆಲ್ಲ ಎದ್ದು ಹೋದರೆ ಆ ಹೊರೆ ಬೆಂಗಳೂರಿನ ಪೀಣ್ಯದಲ್ಲಿ ಕಡಿಮೆ ವೋಲ್ಟೇಜಿನ (ಎಲ್‌ಟಿ) ಸಂಪರ್ಕ ಪಡೆದ ಪುಟ್ಟ ಲೇತ್ ಶೆಡ್ಡಿಗೋ ಸರ್ಕಾರದ ಬೊಕ್ಕಸಕ್ಕೋ ಬೀಳಬೇಕು.

ಸರ್ಚಾರ್ಜು ತಪ್ಪಿಸಿಕೊಳ್ಳುವ ದಾರಿಯನ್ನೂ ಕಾನೂನೇ ಇಟ್ಟಿದೆ. ಅದರ ಹೆಸರು ಗ್ರೂಪ್ ಕ್ಯಾಪ್ಟಿವ್. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರೆಲ್ಲ ಸೇರಿ ಸ್ಥಾವರದ ಶೇ 26ರಷ್ಟು ಒಡೆತನ ಹೊಂದಿ, ವರ್ಷದ ಉತ್ಪಾದನೆಯ ಶೇ 51ರಷ್ಟನ್ನು ತಾವೇ ಬಳಸಿದರೆ ಅದು 'ಸ್ವಂತ ಬಳಕೆ'. ಕ್ರಾಸ್ ಸಬ್ಸಿಡಿ ಸರ್ಚಾರ್ಜು ಇಲ್ಲ. ಓಪನ್ ಆ್ಯಕ್ಸೆಸ್ ಗ್ರಾಹಕರ ಮೇಲೆ ಬೀಳುವ 'ಹೆಚ್ಚುವರಿ ಸರ್ಚಾರ್ಜು' ಎಂಬ ಇನ್ನೊಂದು ಶುಲ್ಕವೂ ಇಲ್ಲವೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸೋಲಾರ್ ಕಂಪನಿಗಳ ಮಾರಾಟದ ಮಾತೆಲ್ಲ ನಿಂತಿರುವುದು ಈ ವಿನಾಯಿತಿಯ ಮೇಲೆ. ಕಾರ್ಖಾನೆ ಮುಖಬೆಲೆಗೆ ಒಂದಿಷ್ಟು ಷೇರು ಕೊಳ್ಳುತ್ತದೆ. ಕರಾರು ಮುಗಿದಾಗ ಅದೇ ಬೆಲೆಗೆ ಹಿಂದಿರುಗಿಸಬೇಕೆಂಬ ಷರತ್ತು ಈ ಬಗೆಯ ಕರಾರುಗಳಲ್ಲಿ ಸಾಮಾನ್ಯ. ಕಾಗದದ ಮೇಲೆ ಒಡೆಯ, ವ್ಯವಹಾರದಲ್ಲಿ ಗಿರಾಕಿ.

ಒಡೆಯನಾದದ್ದರ ಬಿಸಿ ತಟ್ಟುವುದು ಲೆಕ್ಕ ತಪ್ಪಿದಾಗ. ಶೇ 51ರ ಪರೀಕ್ಷೆ ನಿಮ್ಮೊಬ್ಬರ ಬಳಕೆಯ ಮೇಲಲ್ಲ, ಇಡೀ ಗುಂಪಿನ ಮೇಲೆ. ಹತ್ತು ಪಾಲುದಾರರಿದ್ದಾರೆನ್ನಿ. ಅವರಲ್ಲಿ ಹೆಚ್ಚು ಕರೆಂಟು ಎಳೆಯುತ್ತಿದ್ದ ಇಬ್ಬರ ಗಾರ್ಮೆಂಟ್ ಘಟಕಗಳಿಗೆ ಆರ್ಡರು ನಿಂತು ಬಳಕೆ ಕುಸಿಯಿತು. ವರ್ಷದ ಕೊನೆಗೆ ಗುಂಪಿನ ಲೆಕ್ಕ ಶೇ 48ಕ್ಕೆ ಬಂದು ನಿಂತರೆ ಆ ವರ್ಷ ಇಡೀ ಸ್ಥಾವರ ಕ್ಯಾಪ್ಟಿವ್ ಅಲ್ಲ. ಪೂರ್ತಿ ಬಳಸಿದ ನಿಮಗೂ ಪ್ರತಿ ಯೂನಿಟ್ ಮೇಲೆ ಸರ್ಚಾರ್ಜು. ಷೇರಿನ ಪಾಲಿಗೆ ತಕ್ಕ ಪ್ರಮಾಣದಲ್ಲೇ ಬಳಕೆ ಇರಬೇಕೆಂಬ ನಿಯಮ ಸ್ಥಾವರಕ್ಕೆಂದೇ ಕಟ್ಟಿದ ವಿಶೇಷ ಉದ್ದೇಶದ ಕಂಪನಿಗಳಿಗೂ ಅನ್ವಯಿಸುತ್ತದೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಈ ಗಂಟು ಇನ್ನಷ್ಟು ಬಿಗಿಯಾಗಿದೆ. ಪಕ್ಕದ ಜಿಲ್ಲೆಯಲ್ಲಿರುವ, ಮುಖವನ್ನೂ ನೋಡದ ಪಾಲುದಾರನ ಆರ್ಡರ್ ಪುಸ್ತಕ ನಿಮ್ಮ ಕರೆಂಟ್ ಬಿಲ್ಲನ್ನು ನಿರ್ಧರಿಸುತ್ತದೆ. ಇಂಥ ಹೊತ್ತಿನಲ್ಲಿ ಕಂಪನಿ ಏನು ಭರಿಸುತ್ತದೆ ಎಂದು ಕರಾರಿನಲ್ಲಿ ಹುಡುಕಿದರೆ ಬಹಳ ಸಲ ಸಿಗುವುದು 'ಉಭಯ ಪಕ್ಷಗಳು ಸದ್ಭಾವದಿಂದ ಚರ್ಚಿಸತಕ್ಕದ್ದು' ಎಂಬ ಬಗೆಯ ಸಾಲು.

ಎರಡನೆಯ ಉರುಳು ಕನಿಷ್ಠ ಖರೀದಿ. ತಿಂಗಳಿಗೆ 70,000 ಯೂನಿಟ್‌ಗೆ ಕರಾರು, ಅದರಲ್ಲಿ ಶೇ 80ಕ್ಕೆ ಬಳಸಿದರೂ ಬಿಟ್ಟರೂ ಹಣ ಕೊಡುವ ಷರತ್ತು ಇದೆ ಎಂದುಕೊಳ್ಳಿ. ಅಂದರೆ 56,000 ಯೂನಿಟ್. ವ್ಯಾಪಾರ ಮಂದವಾದ ತಿಂಗಳು ನೀವು 40,000 ಬಳಸಿದಿರಿ. ಯೂನಿಟ್‌ಗೆ 4 ರೂಪಾಯಿಯಂತೆ 64,000 ರೂಪಾಯಿ ಸುಮ್ಮನೆ ಹೋಯಿತು. ಉಳಿದದ್ದನ್ನು ಬ್ಯಾಂಕಿಂಗ್‌ನಲ್ಲಿ, ಅಂದರೆ ಎಸ್ಕಾಂ ಬಳಿ ಜಮೆಯಾಗಿ, ಇಡಬಹುದಲ್ಲ ಎನ್ನುತ್ತಾರೆ ಮಾರುವವರು. ಎಷ್ಟು ಕಾಲ ಇಡಬಹುದು, ಯಾವ ಹೊತ್ತಿನಲ್ಲಿ ಹಿಂಪಡೆಯಬಹುದು, ಇಟ್ಟಿದ್ದಕ್ಕೆ ಎಷ್ಟು ಕಡಿತ ಎಂಬುದನ್ನು ತೀರ್ಮಾನಿಸುವುದು ವಿದ್ಯುತ್ ನಿಯಂತ್ರಣ ಆಯೋಗ. ಮಾರುವವನ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ನಿಯಮ ಬದಲಾಗುವುದು ಇಲ್ಲಿ ಅಪರೂಪದ ಸಂಗತಿಯೂ ಅಲ್ಲ. 2018ರ ಮಾರ್ಚ್ ಕೊನೆಯೊಳಗೆ ಚಾಲೂ ಆದ ಸೋಲಾರ್ ಸ್ಥಾವರಗಳಿಗೆ ಹತ್ತು ವರ್ಷ ವೀಲಿಂಗ್, ಬ್ಯಾಂಕಿಂಗ್, ಸರ್ಚಾರ್ಜು ಮೂರೂ ಮಾಫಿ ಎಂದು ಕರ್ನಾಟಕದ ಆಯೋಗ 2014ರಲ್ಲಿ ಆದೇಶ ಹೊರಡಿಸಿತ್ತು. ಗಡುವಿನ ಮುಂಚೆ ಸ್ಥಾವರಗಳು ನಾ ಮುಂದು ತಾ ಮುಂದು ಎಂದು ಎದ್ದವು. ಅದೇ 2018ರಲ್ಲಿ ಆಯೋಗ ಆ ರಿಯಾಯಿತಿಗಳಿಗೆ ಕೈಹಾಕಿತು, ಉತ್ಪಾದಕರು ಕೋರ್ಟಿಗೆ ಹೋದರು. 2023ರ ಬರದಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಉತ್ಪಾದಕರು ರಾಜ್ಯದ ಗ್ರಿಡ್ಡಿಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. 2022ರ ಹಸಿರು ನಿಯಮಗಳನ್ನೇ ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು. ಈ ಅಧಿಕಾರ ರಾಜ್ಯದ ಆಯೋಗದ್ದು, ಕೇಂದ್ರದ್ದಲ್ಲ ಎಂಬುದು ಅದರ ತರ್ಕ. ಮುಂಬೈಯಲ್ಲೂ ಇದೇ ಕಥೆ. 2009ರಲ್ಲಿ ಅಲ್ಲಿನ ಮನೆ, ಅಂಗಡಿಗಳಿಗೂ ರಿಲಯನ್ಸ್ ಬಿಟ್ಟು, ಅದರ ತಂತಿಯಲ್ಲೇ ಟಾಟಾ ಕರೆಂಟು ಪಡೆಯುವ ಅವಕಾಶ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಹಾಗೆ ಹೋದವರ ಬೆನ್ನಿಗೂ ಸರ್ಚಾರ್ಜು ಬಂತು.

ಇಷ್ಟೆಲ್ಲ ಗೊತ್ತಿದ್ದೂ ಹದಿನೈದು, ಇಪ್ಪತ್ತೈದು ವರ್ಷದ ಕರಾರುಗಳಲ್ಲಿ 'ಕಾನೂನಿನ ಬದಲಾವಣೆ' ಎಂಬ ಕಲಮು ಬಹುಪಾಲು ಒಂದೇ ದಿಕ್ಕಿಗೆ ವಾಲಿರುತ್ತದೆ: ಹೊಸ ಶುಲ್ಕ ಬಂದರೆ ಗಿರಾಕಿ ಭರಿಸಬೇಕು. ಸ್ಥಾವರಕ್ಕೆ ಸಾಲ ಕೊಟ್ಟ ಬ್ಯಾಂಕು ಹಾಗೆ ಬಯಸುತ್ತದೆ, ನಿಜ. ಆದರೆ ನಿಯಮದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬಲ್ಲವನು ಸೋಲಾರ್ ಕಂಪನಿಯವನು, ಬೋಲ್ಟು ಮಾಡುವವನಲ್ಲ. ಅಪಾಯ ಬಲ್ಲವನು ಕೈತೊಳೆದುಕೊಂಡು, ಅರಿಯದವನ ಹೆಗಲಿಗೆ ಅದನ್ನು ಏರಿಸುವುದೇ ಈ ಪದ್ಧತಿಯ ದೊಡ್ಡ ದೋಷ.

ಹಾಗೆಂದು ಎಸ್ಕಾಂನಲ್ಲೇ ಉಳಿಯಿರಿ ಎನ್ನಲಾರೆ. ದೊಡ್ಡ ಉಕ್ಕಿನ ಕಾರ್ಖಾನೆಗೆ, ವಕೀಲರನ್ನೂ ಇಂಧನ ಮ್ಯಾನೇಜರನ್ನೂ ಇಟ್ಟುಕೊಂಡ ಐಟಿ ಪಾರ್ಕಿಗೆ ಓಪನ್ ಆ್ಯಕ್ಸೆಸ್ ಲಾಭದ್ದೇ. ಅವರು ಕಲಮುಗಳನ್ನು ತಿದ್ದಿಸಿಯೇ ಸಹಿ ಹಾಕುತ್ತಾರೆ. ಪೆಟ್ಟು ಬೀಳುವುದು 100 ಕಿಲೋವ್ಯಾಟಿಗೂ 1 ಮೆಗಾವ್ಯಾಟಿಗೂ ನಡುವಿನ ಘಟಕಗಳಿಗೆ. ಅವರ ಬಳಿ ಕರಾರು ತರುವ ಸಲಹೆಗಾರನ ಕಮಿಷನ್ ಎಷ್ಟೋ ಸಲ ಮಾರುವ ಕಂಪನಿಯಿಂದಲೇ ಬರುತ್ತದೆ, ಆ ಮೊತ್ತ ಹಾಳೆಯ ಮೇಲೆ ಕಾಣುವುದಿಲ್ಲ. ಬ್ರಿಟನ್ನಿನ ಇಂಧನ ನಿಯಂತ್ರಕ ಆಫ್‌ಜೆಮ್, ಸಣ್ಣ ವ್ಯಾಪಾರಿಗಳ ಕರಾರಿನ ಮುಖ್ಯ ಷರತ್ತುಗಳಲ್ಲಿ ದಲ್ಲಾಳಿಯ ಪಾಲನ್ನು ತೋರಿಸಲೇಬೇಕೆಂದು 2022ರ ಅಕ್ಟೋಬರಿನಿಂದ ಕಡ್ಡಾಯ ಮಾಡಿತು. ನಮ್ಮ ಆಯೋಗವೂ ಅಷ್ಟನ್ನು ಮಾಡಿಸಲಿ. ಜೊತೆಗೆ ಎಲ್ಲ ಶುಲ್ಕ ಸೇರಿ ಮೀಟರಿಗೆ ತಲುಪುವ ದರವನ್ನು, ವಿನಾಯಿತಿ ಇದ್ದಾಗ ಒಂದು, ಹೋದಾಗ ಇನ್ನೊಂದು ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸಲಿ.